ಮೂರನೇ ಹಳದಿಗೆ ಕ್ಲಚ್ ಬಿಡುವುದು: ಪ್ರೊಸೋಲೋದಲ್ಲಿ ನನ್ನ ಅನುಭವ

ಆಟೋಕ್ರಾಸ್ ಅಂದರೆ ನಮ್ಮ ಕಡೆಯವರ ಕಣ್ಮುಂದೆ ಬರುವುದು ಕೊಡಗು, ಚಿಕ್ಕಮಗಳೂರು ಕಡೆಯ ಕೊಯ್ಲಾದ ಗದ್ದೆ, ಮಣ್ಣಿನ ಮೈದಾನ, ಧೂಳೆಬ್ಬಿಸಿಕೊಂಡು ಅಡ್ಡಡ್ಡ ಜಾರುವ ಜಿಪ್ಸಿ. ಅಮೆರಿಕದಲ್ಲಿ ಅದೇ ಹೆಸರಿನ ಆಟವನ್ನು ಡಾಂಬರು ಅಥವಾ ಕಾಂಕ್ರೀಟಿನ ಮೇಲೆ, ಕಿತ್ತಳೆ ಬಣ್ಣದ ಕೋನ್‌ಗಳನ್ನು ಜೋಡಿಸಿ ಆಡುತ್ತಾರೆ. 1944ರಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಇದಕ್ಕೆ ಸೋಲೋ ಎಂದು ಹೆಸರಿಟ್ಟಿದೆ. ಮಾಮೂಲಿ ಸೋಲೋದಲ್ಲಿ ಹೊರಡುವುದಕ್ಕೆ ಅವಸರವೇ ಇಲ್ಲ. ಬಾವುಟ ತೋರಿಸಿದ ಮೇಲೂ ಉಸಿರು ಎಳೆದುಕೊಂಡು, ಸೀಟಿನಲ್ಲಿ ಸರಿಯಾಗಿ ಕೂತು ಹೊರಡಬಹುದು. ಮುಂದಿನ ಚಕ್ರ ಹೊರಡುವ ಗೆರೆಯ ಬೆಳಕಿನ ಕಿರಣ ದಾಟಿದಾಗಲೇ ಗಡಿಯಾರ ಓಡತೊಡಗುವುದು.

ಅದೇ ಕ್ಲಬ್ಬಿನ ಪ್ರೊಸೋಲೋ ಸರಣಿ ಬೇರೆ. ಒಂದೇ ಮೈದಾನದಲ್ಲಿ ಎರಡು ಕೋರ್ಸ್, ಒಂದು ಇನ್ನೊಂದರ ಕನ್ನಡಿ ಬಿಂಬ. ಎಡದ್ದರಲ್ಲಿ ಮೊದಲ ತಿರುವು ಎಡಕ್ಕಿದ್ದರೆ ಬಲದ್ದರಲ್ಲಿ ಬಲಕ್ಕೆ. ಎರಡು ಕಾರುಗಳು ಅಕ್ಕಪಕ್ಕ ನಿಲ್ಲುತ್ತವೆ, ನಡುವೆ ಡ್ರ್ಯಾಗ್ ರೇಸಿನ (ನೇರ ದಾರಿಯಲ್ಲಿ ಇಬ್ಬಿಬ್ಬರು ಓಡುವ ಪಂದ್ಯ) ದೀಪದ ಕಂಬ. ನಾವೆಲ್ಲ ಅದನ್ನು ಟ್ರೀ ಅನ್ನುತ್ತೇವೆ. ಮೂರು ಹಳದಿ ದೀಪಗಳು ಅರ್ಧರ್ಧ ಸೆಕೆಂಡಿಗೆ ಒಂದರಂತೆ ಕೆಳಗಿಳಿದು ಬರುತ್ತವೆ, ಆಮೇಲೆ ಹಸಿರು. ಇಲ್ಲಿ ಗಡಿಯಾರ ನಿಮಗಾಗಿ ಕಾಯುವುದಿಲ್ಲ. ನೀವು ತಡವಾಗಿ ಹೊರಟರೆ ಆ ತಡವೂ ನಿಮ್ಮ ಸಮಯಕ್ಕೇ ಸೇರುತ್ತದೆ. ಡ್ರ್ಯಾಗ್ ರೇಸಿನಲ್ಲಿ ರಿಯಾಕ್ಷನ್ ಟೈಮ್ (ದೀಪಕ್ಕೆ ಹೊರಡಲು ಹಿಡಿದ ಸಮಯ) ಬೇರೆ, ಓಟದ ಸಮಯ ಬೇರೆ. ಇಲ್ಲಿ ಎರಡೂ ಒಂದೇ ಲೆಕ್ಕ. ಕೊನೆಯ ಹಳದಿ ಹತ್ತಿದ ಗಳಿಗೆಯಿಂದ ಎಣಿಸುವುದರಿಂದ 0.500 ಬಂದರೆ ಅದು ಪರಿಪೂರ್ಣ. 0.499 ಬಂದರೆ ಕೆಂಪು ದೀಪ, ಆ ಓಟವೇ ಲೆಕ್ಕಕ್ಕಿಲ್ಲ.

ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕೆಲಸ ಮಾಡುತ್ತೇನೆ. ಕಾರು ಮಜ್ದಾ ಮಿಯಾಟಾ, ಮ್ಯಾನುಯಲ್ ಗೇರ್. ಸ್ಟ್ರೀಟ್ ವರ್ಗದಲ್ಲಿ ಓಡಿಸುವುದರಿಂದ ಕಾರು ಬಹುಪಾಲು ಶೋರೂಮಿನಿಂದ ಬಂದಂತೆಯೇ ಇದೆ. ಟೈರು ಮಾತ್ರ ನಿಯಮ ಒಪ್ಪುವ, 200 ಟ್ರೆಡ್‌ವೇರ್ (ಸವೆತದ ಅಂಕ) ಇರುವ, ನೆಲಕ್ಕೆ ಅಂಟುವ ಟೈರು. ಕ್ರೋಸ್ ಲ್ಯಾಂಡಿಂಗ್ ಎಂಬಲ್ಲಿ ನೌಕಾಪಡೆಯವರು ಬಿಟ್ಟುಹೋದ ಹಳೆಯ ವಿಮಾನ ನಿಲ್ದಾಣವೊಂದಿದೆ. ಸುತ್ತ ಬಾದಾಮಿ ತೋಟ, ಬಿಸಿಲು, ಗಾಳಿ. ನಾನು ಈ ಆಟ ಕಲಿತದ್ದು ಅಲ್ಲೇ.

ಶುಕ್ರವಾರ ಪ್ರಾಕ್ಟೀಸ್ ಸ್ಟಾರ್ಟ್ ಇರುತ್ತದೆ. ಪ್ರತ್ಯೇಕವಾಗಿ ದುಡ್ಡು ಕಟ್ಟಿ ಟ್ರೀ ಮುಂದೆ ನಿಂತು ಹೊರಡುವುದನ್ನಷ್ಟೇ ಅಭ್ಯಾಸ ಮಾಡುವುದು. ಇದನ್ನು ತಪ್ಪಿಸಿಕೊಳ್ಳಬೇಡಿ. ಟೈರಿಗೆ ಸಾವಿರಾರು ಡಾಲರ್ ಸುರಿಯುವವರು ಇದಕ್ಕೆ ಹಿಂದೆಮುಂದೆ ನೋಡುವುದು ನನಗೆ ಅರ್ಥವಾಗುವುದಿಲ್ಲ. ಕೋರ್ಸಿನ ಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಸಲು ವರ್ಷಗಟ್ಟಲೆ ಒದ್ದಾಡಬೇಕು. ದೀಪದ ಮುಂದೆ ಅಷ್ಟನ್ನೇ ಒಂದು ಮಧ್ಯಾಹ್ನದಲ್ಲಿ ಗಳಿಸಬಹುದು.

ನಾನು ಮಾಡುವ ಕ್ರಮ ಹೀಗೆ. ನಿಧಾನಕ್ಕೆ ಉರುಳಿಕೊಂಡು ಬಂದು ಕಾರು ಗೆರೆಗೆ ಬಂತೆಂದು ಟ್ರೀ ಮೇಲೆ ತೋರಿಸುವ ಎರಡು ಸಣ್ಣ ದೀಪಗಳಲ್ಲಿ ಮೊದಲನೆಯದನ್ನು ಹೊತ್ತಿಸುತ್ತೇನೆ. ಅಲ್ಲಿಂದ ಕೂದಲೆಳೆಯಷ್ಟೇ ಮುಂದೆ ತಳ್ಳಿ, ಎರಡನೆಯದು ಹೊತ್ತಿದ ಕೂಡಲೇ ಬ್ರೇಕ್. ಇನ್ನೊಂದು ಇಂಚು ಮುಂದೆ ಹೋದರೂ ಚಕ್ರ ಬೇಗ ಕಿರಣದಿಂದ ಆಚೆ ಬೀಳುತ್ತದೆ, ಕೆಂಪಿನ ಅಪಾಯ ಹೆಚ್ಚು. ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲದಿದ್ದರೆ ರಿಯಾಕ್ಷನ್ ಸಂಖ್ಯೆಗೆ ಅರ್ಥವೇ ಇರುವುದಿಲ್ಲ. ನಿಂತ ಮೇಲೆ ಎಂಜಿನ್ ನಿಮಿಷಕ್ಕೆ ಸುಮಾರು 4,000 ಸುತ್ತಿಗೆ ಏರಿಸಿ, ಕ್ಲಚ್ಚನ್ನು ಕಚ್ಚುವ ಜಾಗದ ಹೊಸ್ತಿಲಿಗೆ ತಂದು ಹಿಡಿಯುತ್ತೇನೆ. ಕಣ್ಣು ಮೂರನೇ ಹಳದಿಯ ಮೇಲೆ ಮಾತ್ರ. ಮೊದಲೆರಡನ್ನು ನೋಡುವುದೇ ಇಲ್ಲ, ಅವು ಹೊತ್ತಿದ್ದು ಓರೆಗಣ್ಣಿಗೆ ತಿಳಿದರೆ ಸಾಕು. ಮೂರನೆಯದು ಹೊಳೆದ ತಕ್ಷಣ ಕಾಲು ಬಿಡುತ್ತದೆ. ಹಸಿರಿಗೆ ಕಾಯ್ದರೆ ಕೆಲಸ ಕೆಟ್ಟಿತು. ಕಣ್ಣಿನಿಂದ ಕಾಲಿಗೆ, ಕ್ಲಚ್ಚಿನಿಂದ ಚಕ್ರಕ್ಕೆ, ಚಕ್ರದಿಂದ ಕಿರಣದಾಚೆಗೆ, ಹೀಗೆ ಸುದ್ದಿ ಮುಟ್ಟುವಷ್ಟರಲ್ಲಿ ಆ ಅರ್ಧ ಸೆಕೆಂಡು ಕಳೆದಿರುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರು ಇಲ್ಲಿ ಚಂಗನೆ ಹಾರುತ್ತದೆ. ಮಿಯಾಟಾದಂಥ ಹಿಂಬದಿ ಚಕ್ರದ ಕಾರಿಗೆ ಗ್ರಿಪ್ ನೋಡಿಕೊಂಡು ಸುತ್ತು ಹೆಚ್ಚುಕಡಿಮೆ ಮಾಡಬೇಕು. ಗ್ರಿಪ್ ಕಡಿಮೆಯಿದ್ದರೆ ಚಕ್ರ ಗರಗರ ತಿರುಗಿ ನಿಂತಲ್ಲೇ ಹೊಗೆ. ಗ್ರಿಪ್ ಜಾಸ್ತಿಯಿದ್ದು ಸುತ್ತು ಕಮ್ಮಿಯಾದರೆ ಎಂಜಿನ್ ಉಸಿರು ಕಟ್ಟಿದಂತೆ ಕೂತುಬಿಡುತ್ತದೆ.

ರಿಯಾಕ್ಷನ್ ಜೊತೆಗೆ ಮೊದಲ 60 ಅಡಿಯ ಸಮಯವೂ ಸಿಗುತ್ತದೆ. ಎರಡನ್ನೂ ಕೂಡಿಸಿ ನೋಡಬೇಕು. ದೀಪಕ್ಕೆ ಚುರುಕಾಗಿ ಹೊರಟು ಚಕ್ರ ಗರಗರ ಜಾರಿ ತಿರುಗಿದರೆ, ದೀಪದಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು 60 ಅಡಿಯಲ್ಲಿ ಹೋಗುತ್ತದೆ. ನನ್ನ ಗುರಿ 0.500 ಅಲ್ಲ, 0.530ರ ಆಸುಪಾಸು. ಪ್ರತಿ ಬದಿಗೆ ಸಿಗುವುದು ಆರು ಓಟ ಮಾತ್ರ: ಶನಿವಾರ ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು, ಭಾನುವಾರ ಎರಡು. ಎಡದ ಅತ್ಯುತ್ತಮ ಸಮಯಕ್ಕೆ ಬಲದ ಅತ್ಯುತ್ತಮ ಸಮಯ ಕೂಡಿಸಿದರೆ ನಿಮ್ಮ ಫಲಿತಾಂಶ. ಒಂದು ಬದಿಯಲ್ಲಿ ಚಿನ್ನದಂಥ ಓಟ ಓಡಿ ಇನ್ನೊಂದು ಬದಿಯಲ್ಲಿ ಕೆಂಪು ದೀಪ, ಬಿದ್ದ ಕೋನ್ ಅಂತ ಒದ್ದಾಡಿದರೆ ಆ ಚಿನ್ನಕ್ಕೆ ಬೆಲೆಯಿಲ್ಲ. ಹಾಗಾಗಿ ಶನಿವಾರ ಬೆಳಿಗ್ಗೆ ಸಾವಧಾನದ ದೀಪ, ಎರಡೂ ಬದಿಗೆ ಒಂದೊಂದು ಶುದ್ಧ ಓಟ. ಧೈರ್ಯವೆಲ್ಲ ಆಮೇಲೆ.

ಕನ್ನಡಿ ಕೋರ್ಸಿನ ವಿಷಯಕ್ಕೆ ಬಂದರೆ, ಒಂದನ್ನು ಬಾಯಿಪಾಠ ಮಾಡಿ ತಲೆಯಲ್ಲಿ ತಿರುಗಿಸಿಕೊಂಡರಾಯಿತು ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೋನ್‌ಗಳು ಕನ್ನಡಿ ಬಿಂಬ, ನೆಲ ಅಲ್ಲ. ಕೋನ್ ಸಾಲಿನ ನಡುವೆ ಹಾವಿನಂತೆ ಅತ್ತಿತ್ತ ಓಡುವ ಎಡದ ಸ್ಲಾಲಮ್‌ನಲ್ಲಿ ಮೂರನೇ ಕೋನ್ ಹತ್ತಿರ ಡಾಂಬರು ಸವರಿದ ಬಿರುಕಿರುತ್ತದೆ. ಬಿಸಿಲೇರಿದ ಮೇಲೆ ಅದರ ಮೇಲೆ ಟೈರು ಜಾರುತ್ತದೆ. ಬಲದಲ್ಲಿ ಅದೇ ಜಾಗ ನುಣುಪು, ಆದರೆ ಇಳಿಜಾರು ಬೇರೆ ಕಡೆಗೆ. ಅದಕ್ಕೇ ಎರಡನ್ನೂ ಬೇರೆ ಬೇರೆ ಕೋರ್ಸ್ ಎಂದೇ ನಡೆದು ನೋಡುತ್ತೇನೆ. ಬ್ರೇಕ್ ಹಾಕುವ ಜಾಗದಲ್ಲಿ ಮೊಣಕಾಲೂರಿ, ಕೂತರೆ ಕಾಣುವ ಎತ್ತರದಿಂದ ನೋಡುತ್ತೇನೆ. ನಿಂತು ನೋಡಿದಾಗ ಬಿಡಿಬಿಡಿಯಾಗಿ ಕಂಡ ಕೋನ್‌ಗಳು ಆ ಎತ್ತರದಿಂದ ಒಂದೇ ಕಿತ್ತಳೆ ಗೋಡೆ.

ಇದರ ಮೇಲೆ ಇನ್ನೊಂದಿದೆ. ಅಮೆರಿಕದ ಕಾರಿನಲ್ಲಿ ಚಾಲಕ ಕೂರುವುದು ಎಡಕ್ಕೆ. ಎಡ ತಿರುವಿನ ಕೋನ್ ಕಿಟಕಿ ಪಕ್ಕದಲ್ಲೇ ಕಾಣುತ್ತದೆ, ಅದಕ್ಕೆ ಅಂಟಿಕೊಂಡು ಹೋಗಬಹುದು. ಬಲ ತಿರುವಿನ ಕೋನ್ ಬಾನೆಟ್ಟಿನ ಆಚೆ ಮರೆಯಾಗುತ್ತದೆ, ಅಂದಾಜಿನ ಮೇಲೆ ಹೋಗಬೇಕು. ಬಲಗಡೆ ಕೂತು ಗಾಡಿ ಕಲಿತ ನಮ್ಮಂಥವರಿಗೆ ಎಡಬದಿಯಿಂದ ಕಾರಿನ ಅಗಲ ಅಳೆಯುವುದು ಅಭ್ಯಾಸವಾಗಲು ಕಾಲ ಬೇಕು. ಪ್ರೊಸೋಲೋದಲ್ಲಿ ಈ ವ್ಯತ್ಯಾಸ ಮುಚ್ಚಿಡಲಾಗದು, ಎಡದ ಸಮಯ, ಬಲದ ಸಮಯ ಅಂತ ಹಾಳೆಯ ಮೇಲೆಯೇ ಬಂದುಬಿಡುತ್ತದೆ. ನಾನು ಬಲ ತಿರುವುಗಳನ್ನು ಪಳಗಿಸಿಕೊಂಡದ್ದು ಆ ಹಾಳೆ ನೋಡಿ ನೋಡಿಯೇ.

ಸರದಿ ಬಂದರೆ, ಬದಿಗೆ ಎರಡರಂತೆ ನಾಲ್ಕು ಓಟಗಳು ಬೆನ್ನುಬೆನ್ನಿಗೆ ಮುಗಿದುಹೋಗುತ್ತವೆ. ಎಡ ಮುಗಿಸಿ ಬಂದು ಬಲದ ಸಾಲಿಗೆ ಸೇರಿದರೆ ಯೋಚನೆಗೆ ಪುರುಸೊತ್ತಿಲ್ಲ. ನನ್ನ ಕಾರನ್ನು ಹಾಸನದ ಗೆಳೆಯನೊಬ್ಬ ಹಂಚಿಕೊಂಡು ಓಡಿಸುತ್ತಾನೆ. ನನ್ನ ಸರದಿಯಲ್ಲಿ ಅವನು ಪಂಪು ಹಿಡಿದು ಟೈರಿಗೆ ನೀರು ಸಿಂಪಡಿಸುತ್ತಾ, ಕಿಟಕಿಗೆ ಬಾಗಿ ಒಂದೇ ಮಾತು ಹೇಳುತ್ತಾನೆ: "ಎಡಗಡೇದು ಮರ್ತುಬಿಡು ಮಾರಾಯ, ಈಗ ಮೊದಲ್ನೇದು ಬಲಕ್ಕೆ." ಅಷ್ಟೇ ಸಾಕು. ಸಮಯ ಎಷ್ಟು ಬಂತು, ಪಕ್ಕದವನದ್ದೆಷ್ಟು, ಅದೆಲ್ಲ ಹೇಳಕೂಡದು ಎಂದು ಮೊದಲೇ ಮಾತಾಡಿಕೊಂಡಿದ್ದೇವೆ.

ಪಕ್ಕದ ಕಾರು ನಿಮಗಿಂತ ಮೊದಲು ಹೊರಟಿತೆಂದರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತಲು ಹೋಗುತ್ತದೆ. ಮೊದಲಿಂದ ಎರಡನೇ ಗೇರಿಗೆ ಬದಲಿಸಬೇಕಾದ್ದು ಆಗಲೇ, ಮೊದಲ ಸ್ಲಾಲಮ್ಮಿನ ಬಾಯಲ್ಲಿ. ಅಲ್ಲಿ ಕಣ್ಣು ಪಕ್ಕಕ್ಕೆ ಹೋದರೆ ಕೋನ್ ಬಿತ್ತೆಂದೇ ಲೆಕ್ಕ. ಅವನ ಓಟ ಅವನದು. ವರ್ಗದ ಫಲಿತಾಂಶಕ್ಕೆ ಅವನು ಮುಂದೆ ಹೋದನೋ ಹಿಂದೆ ಉಳಿದನೋ ಏನೂ ಸಂಬಂಧವಿಲ್ಲ.

ಸಂಬಂಧ ಬರುವುದು ಭಾನುವಾರ, ಚಾಲೆಂಜ್ ಸುತ್ತುಗಳಲ್ಲಿ. ವರ್ಗಗಳಲ್ಲಿ ಮುಂದಿರುವವರು ಸೂಪರ್ ಚಾಲೆಂಜ್‌ಗೆ ಹೋಗುತ್ತಾರೆ, ಮಹಿಳೆಯರಿಗೆ ಲೇಡೀಸ್ ಚಾಲೆಂಜ್ ಇದೆ. ಇಬ್ಬಿಬ್ಬರ ಜೋಡಿ, ಸೋತವರು ಹೊರಗೆ. ನಿಧಾನದ ಕಾರಿಗೆ ಮೊದಲು ದೀಪ, ವೇಗದ ಕಾರಿಗೆ ಲೆಕ್ಕ ಹಾಕಿ ಆಮೇಲೆ. ಹೀಗಾಗಿ ಮಿಯಾಟಾ ಒಂದು ಕಾರ್ವೆಟ್ಟಿನ ಎದುರು ನಿಲ್ಲಬಹುದು. ಒಂದು ಓಟ ಎಡಕ್ಕೆ, ಒಂದು ಬಲಕ್ಕೆ. ಮುಂದೆ ಹೊರಟವನಿಗೆ ಹಿಂದಿನಿಂದ ಬರುವ ವಿ8 ಎಂಜಿನ್ನಿನ ಸದ್ದು ಕೇಳುತ್ತಲೇ ಇರುತ್ತದೆ. ಶುಕ್ರವಾರದ ಅಭ್ಯಾಸ ಫಲ ಕೊಡುವುದು ಇಲ್ಲೇ.

ಹೊಸದಾಗಿ ಬರುವವರು ಮೊದಲು ಸ್ಥಳೀಯ ಆಟೋಕ್ರಾಸ್‌ನಲ್ಲಿ ಒಂದು ಸೀಸನ್ ಓಡಿಸಿ ಬನ್ನಿ. ಹೆಲ್ಮೆಟ್‌ಗೆ ಸ್ನೆಲ್‌ನಂಥ ಮಾನ್ಯ ಸುರಕ್ಷತಾ ಮುದ್ರೆ ಇರಲೇಬೇಕು, ನೆರಳಿಗೆ ಒಂದು ಟೆಂಟು, ಕುಡಿಯಲು ಸಾಕಷ್ಟು ನೀರು. ಓಡಿಸದ ಹೊತ್ತಿನಲ್ಲಿ ಬಿದ್ದ ಕೋನ್ ಎತ್ತಿಡುವ ಡ್ಯೂಟಿ ನಿಮ್ಮದೇ. ಮಧ್ಯದ ತಿರುವಿನ ಹತ್ತಿರ ಜಾಗ ಸಿಕ್ಕರೆ ಬಿಡಬೇಡಿ, ನಿಮ್ಮಂಥದೇ ಕಾರಿನ ಗೆಲ್ಲುವ ಚಾಲಕರು ಎಲ್ಲಿ ಬ್ರೇಕ್ ಬಿಡುತ್ತಾರೆಂದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಸರಣಿಯ ಫಿನಾಲೆ ನೆಬ್ರಾಸ್ಕಾದ ಲಿಂಕನ್‌ನಲ್ಲಿ, ಸೋಲೋ ನ್ಯಾಷನಲ್ಸ್‌ಗೆ (ಸೋಲೋದ ರಾಷ್ಟ್ರೀಯ ಸ್ಪರ್ಧೆ) ಮುಂಚಿನ ವಾರಾಂತ್ಯ. ಅಲ್ಲಿಯ ಕಾಂಕ್ರೀಟು ಟೈರನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹೊರಡುವಾಗ ಎಂಜಿನ್ನಿನ ಸುತ್ತು ಸ್ವಲ್ಪ ಏರಿಸಿಕೊಳ್ಳಿ.