ತಳಿ ಆಯ್ಕೆಗೆ ಎಲೆಹೊದಿಕೆಯ ಉಷ್ಣತೆ ಅಳೆಯುವ ಬಗೆ

ಬೇರಿಗೆ ನೀರು ಸಿಗುತ್ತಿದ್ದರೆ ಎಲೆ ಬೆವರುತ್ತದೆ, ಬೆವರಿದ ಎಲೆ ತಂಪಾಗಿರುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಬರ ತಾಳುವ ತಳಿ ಹುಡುಕುವುದರ ಗುಟ್ಟು ಇಷ್ಟೇ. ಆದರೆ ತಳಿಗಳ ನಡುವಿನ ಅಂತರ ಎಷ್ಟೋ ಸಲ ಒಂದೆರಡು ಡಿಗ್ರಿ ಮಾತ್ರ. ಅಷ್ಟನ್ನು ಬರಿಮಣ್ಣೋ ಮೋಡವೋ ಸಲೀಸಾಗಿ ನುಂಗಿಬಿಡುತ್ತದೆ.

8–14 ಮೈಕ್ರಾನ್ ತರಂಗಾಂತರದ ಉಪಕರಣ ಸಾಕು. ಎಮಿಸಿವಿಟಿಯನ್ನು (ವಸ್ತು ಶಾಖವನ್ನು ಎಷ್ಟರಮಟ್ಟಿಗೆ ಹೊರಸೂಸುತ್ತದೆ ಎಂಬ ಅಳತೆ) 0.97ಕ್ಕೆ ಇಟ್ಟು, ಪ್ರಯೋಗ ಮುಗಿಯುವವರೆಗೆ ಮುಟ್ಟಬೇಡಿ. ಅಳತೆಗೆ ಮುನ್ನ ಹದಿನೈದು ನಿಮಿಷ ಹೊಲದ ನೆರಳಲ್ಲಿಡಿ. ಎಸಿ ಕಾರಿನಿಂದ ತೆಗೆದ ಕೂಡಲೇ ಅಳೆದರೆ ಮೊದಲ ಪ್ಲಾಟುಗಳ (ಒಂದೊಂದು ತಳಿ ಬೆಳೆದ ಹೊಲದ ತುಂಡುಗಳ) ಲೆಕ್ಕವೆಲ್ಲ ತಪ್ಪು.

ಹೆಚ್ಚು ಕೆಡಿಸುವುದು ಮಣ್ಣು. ಲೇಸರ್ ಚುಕ್ಕೆ ಎಲೆಯ ಮೇಲಿದ್ದರೆ ಸಾಲದು. ದೂರಕ್ಕೂ ನೋಡುವ ವೃತ್ತದ ಅಗಲಕ್ಕೂ 12:1 ಅನುಪಾತವಿರುವ ಉಪಕರಣ 1.2 ಮೀಟರ್ ದೂರದಿಂದ ಸುಮಾರು 10 ಸೆಂ.ಮೀ. ಅಗಲದ ವೃತ್ತವನ್ನೇ ನೋಡುತ್ತದೆ. ಓರೆಯಾಗಿ ಹಿಡಿದರೆ ಅದು ಇನ್ನೂ ಉದ್ದವಾಗುತ್ತದೆ. ಎಲೆ 30 ಡಿಗ್ರಿ, ಒಣಮಣ್ಣು 45 ಡಿಗ್ರಿ ಇದ್ದು ವೃತ್ತದ ಹತ್ತನೇ ಒಂದು ಭಾಗ ಮಣ್ಣಾದರೆ ಉಪಕರಣದ ಓದು (ರೀಡಿಂಗ್) 31.5 ದಾಟುತ್ತದೆ. ಒಳ್ಳೆಯ ತಳಿ ಹೀಗೇ ಪಟ್ಟಿಯಿಂದ ಹೊರಬೀಳುವುದು! ಆದ್ದರಿಂದ ಬೆಳೆ ನೆಲ ಮುಚ್ಚಿದ ಮೇಲೆ, ಸೂರ್ಯನಿಗೆ ಬೆನ್ನು ಮಾಡಿ, ನಡುವಿನ ಮಣ್ಣು ಕಾಣದ ಹಾಗೆ ಸಾಲುಗಳಿಗೆ ಅಡ್ಡವಾಗಿ ಓರೆಯಿಂದ ಅಳೆಯಿರಿ. ನಿಮ್ಮ ನೆರಳು ಬೀಳದಿರಲಿ, ಅಂಚಿನ ಸಾಲು ಬೇಡ. ಗೋಧಿಯಂಥ ಬೆಳೆಯಲ್ಲಿ ತೆನೆ ಎಲೆಗಿಂತ ಬಿಸಿ. ತೆನೆ ಬಂದ ತಳಿಯನ್ನೂ ಬಾರದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಸಮಯ ಬೆಳಗ್ಗೆ 11ರಿಂದ ಮಧ್ಯಾಹ್ನ 2. ಆಕಾಶ ತಿಳಿಯಾಗಿರಬೇಕು, ಎಲೆಯ ಮೇಲೆ ನೀರಿರಬಾರದು, ಗಾಳಿ ಮೆಲ್ಲಗಿರಬೇಕು. ಗಾಳಿಯಲ್ಲಿ ತೇವ ತುಂಬಿದ ದಿನ ಎಲೆ ಸರಿಯಾಗಿ ಬೆವರದು, ತಳಿಗಳ ವ್ಯತ್ಯಾಸವೂ ಕಾಣದು. ಅಂದು ಹೊಲಕ್ಕೆ ಹೋಗದಿರುವುದೇ ಲೇಸು. ಪ್ಲಾಟಿಗೆ ಎರಡು ಮೂರು ಓದು ತೆಗೆದು ಸರಾಸರಿ ಬರೆಯಿರಿ, ಜೊತೆಗೆ ಗಂಟೆ-ನಿಮಿಷವನ್ನೂ.

ಹೊತ್ತು ಏರಿದಂತೆ ಗಾಳಿಯ ಉಷ್ಣತೆಯೂ ಏರುತ್ತದೆ. ಅದಕ್ಕೇ ಒಂದು ರೆಪ್ಲಿಕೇಷನ್ (ಎಲ್ಲ ತಳಿಗಳೂ ಒಂದೊಂದು ಸಲ ಇರುವ ಪ್ಲಾಟುಗಳ ಗುಂಪು) ಅನ್ನು ಮಧ್ಯೆ ನಿಲ್ಲಿಸದೆ ಮುಗಿಸಿ, ಪ್ರತಿ ಇಪ್ಪತ್ತು ಪ್ಲಾಟಿಗೊಮ್ಮೆ ಅದೇ ಚೆಕ್ ಪ್ಲಾಟಿಗೆ (ಹೋಲಿಕೆಗೆಂದು ಇಟ್ಟ ಪ್ಲಾಟಿಗೆ) ಮರಳಿ ಅಳೆಯಿರಿ. ಚೆಕ್ ಓದುಗಳು ನಿಧಾನವಾಗಿ ಏರಿದ್ದರೆ ಆ ಏರಿಕೆಯನ್ನು ಸಮಯದ ಪ್ರಕಾರ ಕಳೆಯಬಹುದು. ಮೋಡ ಹಾದು ಅಡ್ಡಾದಿಡ್ಡಿ ಹಾರಿದ್ದರೆ ಯಾವ ಲೆಕ್ಕವೂ ಸರಿಪಡಿಸದು. ಆ ರೆಪ್ಲಿಕೇಷನ್ ಬಿಟ್ಟು ಮರುದಿನ ಮತ್ತೆ ಅಳೆಯಿರಿ.

ವಿಶ್ಲೇಷಣೆಗೆ ಕೂರುವಾಗ ಗಿಡದ ಎತ್ತರವೂ ಹೂ ಬಿಟ್ಟ ದಿನವೂ ಪಕ್ಕದಲ್ಲಿರಲಿ. ಬೇಗ ಹೂ ಬಿಟ್ಟು ಬರದಿಂದ ತಪ್ಪಿಸಿಕೊಂಡ ತಳಿಯೂ, ಆಳಕ್ಕೆ ಬೇರಿಳಿಸಿದ ತಳಿಯೂ ಥರ್ಮಾಮೀಟರಿಗೆ ಒಂದೇ ಥರ ಕಾಣಬಹುದು.