ಶುಗರ್, ಉಬ್ಬಸದವರಿಗೆ ಫ್ಲೂ ಲಸಿಕೆ ತಪ್ಪದಿರಲು ಕ್ಲಿನಿಕ್‌ನಲ್ಲಿ ಏನು ಮಾಡಬೇಕು

ಫ್ಲೂ ಲಸಿಕೆ ಬೇಡ ಅನ್ನುವವರಿಗಿಂತ ‘ಮುಂದಿನ ಸಲ ಬಂದಾಗ ಹಾಕೋಣ’ ಎಂದು ನಾವೇ ವಾಪಸ್ ಕಳಿಸಿದವರನ್ನು ಮೊದಲು ಎಣಿಸಿ. ಸೋರುವುದು ಅಲ್ಲೇ.

ನಮ್ಮಲ್ಲಿ ಫ್ಲೂ ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ಏರುತ್ತದೆ. ಲಸಿಕೆಯ ರಕ್ಷಣೆ ಕೂಡಲು ಸುಮಾರು 2 ವಾರ ಬೇಕು. ಹಾಗಾಗಿ ಏಪ್ರಿಲ್‌ನಲ್ಲೇ ಪಟ್ಟಿ ಮಾಡಿ, ಹೊಸ ಸ್ಟಾಕ್ ಬಂದ ಕೂಡಲೇ ಶುರು ಮಾಡಿ. ಇನ್ಸುಲಿನ್, ಇನ್‌ಹೇಲರ್, ಹೃದಯದ ಮಾತ್ರೆ, ಡಯಾಲಿಸಿಸ್, ಕೀಮೋ ನಡೆಯುತ್ತಿರುವವರು, 65 ದಾಟಿದವರು, ಎಷ್ಟೇ ತಿಂಗಳಾಗಿರಲಿ ಗರ್ಭಿಣಿಯರು ಪಟ್ಟಿಯಲ್ಲಿರಲಿ. ಅವರ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ‘ಫ್ಲೂ’ ಎಂದು ಬರೆದು, ಪಕ್ಕದಲ್ಲಿ ತಾರೀಖಿಗೆ ಜಾಗ ಬಿಡಿ.

ಕೇಳಲು ಒಳ್ಳೆಯ ಹೊತ್ತು ಬಿಪಿ ನೋಡುವಾಗ. ತೋಳು ಹೇಗೂ ಮೇಲೇರಿಸಿರುತ್ತಾರೆ. ನರ್ಸ್ ಅಲ್ಲೇ ಮೂರು ಪ್ರಶ್ನೆ ಕೇಳಲಿ: ಇವತ್ತು ಜ್ವರವಿದೆಯೇ, ಹಿಂದೆ ಫ್ಲೂ ಲಸಿಕೆಯಿಂದ ತೊಂದರೆಯಾಗಿತ್ತೇ, ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ. ಮೊಟ್ಟೆ ಅಲರ್ಜಿಯೆಂದು ವಾಪಸ್ ಕಳಿಸಬೇಕಿಲ್ಲ. ವೈದ್ಯರು ‘ಬೇಕಿದ್ರೆ ಹಾಕಿಸ್ಕೊಳ್ಳಿ’ ಅಂದರೆ ಯಾರೂ ಹಾಕಿಸಿಕೊಳ್ಳುವುದಿಲ್ಲ. ‘ನಿಮಗೆ ಶುಗರ್ ಇದೆ, ಇದು ಬೇಕೇ ಬೇಕು, ಇವತ್ತೇ ಹಾಕ್ತೀವಿ, ಆಗಬಹುದಾ?’ ಅನ್ನಿ.

ದುಡ್ಡಿನ ವಿಷಯ ಮುಚ್ಚಿಡಬೇಡಿ. ಇದು ಸರ್ಕಾರದ ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿಲ್ಲ. ಮಾತ್ರೆಗಷ್ಟೇ ದುಡ್ಡು ತಂದವರು ಸುಮ್ಮನೆ ತಲೆಯಾಡಿಸಿ ಹೋಗುತ್ತಾರೆ. ಒಂದು ತಿಂಗಳು ಮೊದಲೇ ಚೀಟಿಯಲ್ಲಿ ಬೆಲೆ ಬರೆದು ಕೊಡಿ.

‘ಹೋದ ವರ್ಷ ಹಾಕಿಸಿದ್ದಕ್ಕೇ ಜ್ವರ ಬಂತು’ ಎಂಬ ದೂರು ಬಂದೇ ಬರುತ್ತದೆ. ಇಂಜೆಕ್ಷನ್‌ನಲ್ಲಿರುವುದು ನಿಷ್ಕ್ರಿಯ ವೈರಸ್, ಅದರಿಂದ ಫ್ಲೂ ಬರದು. ತೋಳು ನೋವು, ಸಣ್ಣ ಜ್ವರ ಒಂದೆರಡು ದಿನ ಇರಬಹುದು. ಇದನ್ನು ಸೂಜಿ ಚುಚ್ಚುವ ಮೊದಲೇ ಹೇಳಿದರೆ ನಂಬುತ್ತಾರೆ, ಆಮೇಲೆ ಹೇಳಿದರೆ ನೆಪ ಅನ್ನುತ್ತಾರೆ.

ದೊಡ್ಡವರಿಗೆ 0.5 ಮಿಲಿ, ಚೆನ್ನಾಗಿ ಅಲುಗಿಸಿ, ತೋಳಿನ ಮೇಲ್ಭಾಗದ ಸ್ನಾಯುವಿಗೆ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಪೂರ ಸೂಜಿ ಬಳಸಿ, 2 ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ. 15 ನಿಮಿಷ ಕೂರಿಸಿ, ತೀವ್ರ ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಕೈಗೆಟುಕುವಂತಿರಲಿ.

ಫ್ರಿಜ್ 2ರಿಂದ 8 ಡಿಗ್ರಿ ಇರಬೇಕು. ಬಾಗಿಲಲ್ಲಿಟ್ಟರೆ ಬಿಸಿ ತಗಲುತ್ತದೆ, ಫ್ರೀಜರ್‌ಗೆ ತಾಗಿದರೆ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೆ ನೋಡಲು ಸರಿಯಿದ್ದರೂ ಎಸೆಯಬೇಕು.

ಪ್ರತಿ ಶನಿವಾರ ತಾರೀಖು ಬೀಳದ ಫೈಲುಗಳನ್ನು ತೆಗೆದು ಫೋನ್ ಮಾಡಿ, ರೋಗಿ ಸಿಗದಿದ್ದರೆ ಔಷಧಿ ಒಯ್ಯಲು ಬರುವ ಮಗ ಅಥವಾ ಸೊಸೆಗೆ. ಹಾಸಿಗೆ ಹಿಡಿದವರ ಮನೆಗೆ ಕ್ಯಾರಿಯರ್‌ನಲ್ಲಿ (ಲಸಿಕೆ ತಂಪಾಗಿಡುವ ಡಬ್ಬಿ) ಒಯ್ಯುವುದಾದರೆ ಐಸ್‌ಪ್ಯಾಕನ್ನು ಫ್ರೀಜರ್‌ನಿಂದ ತೆಗೆದ ಕೂಡಲೇ ತುಂಬಬೇಡಿ. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಹೊರಗಿಡಿ.