ಚಾಕ್‌ಪೀಸ್ ತಿರುಚಿ ನೋಡಿ, ಶಾಫ್ಟಿನ ಲೆಕ್ಕ ಹೊಳೆಯುತ್ತದೆ

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಕಡೆ ಬೀಡು ಕಬ್ಬಿಣ ಎರಕ ಹೊಯ್ಯುತ್ತಾರೆ, ಇನ್ನೊಂದು ಕಡೆ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ರಾಡನ್ನು ಲೇತಿಗೆ ಕಟ್ಟುತ್ತಾರೆ. ಎರಡೂ ಕಬ್ಬಿಣವೇ ಅಲ್ವಾ? ಆದರೆ ಮುರಿಯುವ ರೀತಿ ಬೇರೆ, ಹಾಗಾಗಿ ಲೆಕ್ಕವೂ ಬೇರೆ. ಡಿಪ್ಲೊಮಾ, ಬಿಇ ಓದುವ ಮಕ್ಕಳು ಎಡವುವುದು ಇಲ್ಲೇ. ವಸ್ತು ಯಾವಾಗ ಸೋಲುತ್ತದೆ ಎಂದು ಹೇಳುವ ರ‍್ಯಾಂಕಿನ್, ಟ್ರೆಸ್ಕಾ, ಮೀಸೆಸ್ ಸೂತ್ರಗಳು ಬಾಯಿಪಾಠ ಇರುತ್ತವೆ, ಯಾವುದನ್ನು ಎಲ್ಲಿ ಹಾಕಬೇಕೋ ಗೊತ್ತಿರುವುದಿಲ್ಲ.

ಮೊದಲು ಒಂದು ಚಾಕ್‌ಪೀಸ್ ತಗೊಳ್ಳಿ. ಎರಡೂ ತುದಿ ಹಿಡಿದು, ಬಗ್ಗಿಸದೆ, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ಟಪ್ ಅಂತ ಮುರಿಯುತ್ತದೆ. ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಅದು ಅಡ್ಡಕ್ಕೆ ತುಂಡಾಗಿಲ್ಲ. ಸುಮಾರು 45 ಡಿಗ್ರಿ ಓರೆಯಲ್ಲಿ ಸುತ್ತಿಕೊಂಡು ಹೋಗಿದೆ. ತಿರುಚಿದಾಗ ಎಳೆತ ಎಲ್ಲಕ್ಕಿಂತ ಜಾಸ್ತಿ ಬೀಳುವುದು ಆ ಓರೆಗೇ. ಬೀಡು ಕಬ್ಬಿಣವೂ ಹೀಗೇ ಮುರಿಯುತ್ತದೆ. ಎಂಎಸ್ ರಾಡ್ ಹಾಗಲ್ಲ. ಸುತ್ತು ಸುತ್ತು ತಿರುಗಿ, ಕೊನೆಗೆ ಕೊಯ್ದಂತೆ ಅಡ್ಡಕ್ಕೆ ತುಂಡಾಗುತ್ತದೆ. ಅದನ್ನು ಸೋಲಿಸುವುದು ಶಿಯರ್, ಅಂದರೆ ಪದರದ ಮೇಲೆ ಪದರ ಜಾರಿಸುವ ಬಲ.

ಈಗ ಲೆಕ್ಕ. ಶಾಫ್ಟಿನ (ಯಂತ್ರದಲ್ಲಿ ತಿರುಗುವ ದಂಡದ) ಮೇಲ್ಮೈಯಲ್ಲಿ ಬಾಗುವುದರಿಂದ 80, ತಿರುಚುವುದರಿಂದ 60 ಮೆಗಾಪ್ಯಾಸ್ಕಲ್ ಸ್ಟ್ರೆಸ್ (ಇಷ್ಟು ಜಾಗಕ್ಕೆ ಇಷ್ಟು ಎಂದು ಬೀಳುವ ಬಲ) ಇದೆ ಅನ್ನಿ. 80ರ ಅರ್ಧ 40. 40ರ ವರ್ಗಕ್ಕೆ 60ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 72.1. ಇದನ್ನು 40ಕ್ಕೆ ಕೂಡಿಸಿದರೆ 112.1, 40ರಿಂದ ಕಳೆದರೆ ಮೈನಸ್ 32.1. ಇವೇ ಪ್ರಿನ್ಸಿಪಲ್ ಸ್ಟ್ರೆಸ್, ಅಂದರೆ ಶಿಯರ್ ಇಲ್ಲದ ಓರೆಗಳಲ್ಲಿ ಬೀಳುವ ಸ್ಟ್ರೆಸ್; ಪ್ಲಸ್ ಎಂದರೆ ಎಳೆತ, ಮೈನಸ್ ಎಂದರೆ ಒತ್ತುವುದು. ಮೂರನೆಯದು, ಮೇಲ್ಮೈಗೆ ನೇರವಾಗಿ ಬೀಳುವುದು, ಸೊನ್ನೆ. ಅದನ್ನು ಸುಮ್ನೆ ಬಿಟ್ಟುಬಿಡಬೇಡಿ: ಮೊದಲಿನ ಎರಡೂ ಪ್ಲಸ್ ಬಂದರೆ ವ್ಯತ್ಯಾಸ ತೆಗೆಯಬೇಕಾದದ್ದು ಆ ಸೊನ್ನೆಯ ಜೊತೆಗೇ.

ರ‍್ಯಾಂಕಿನ್ ನೋಡುವುದು ದೊಡ್ಡ ಎಳೆತವನ್ನಷ್ಟೇ: 112.1. ಟ್ರೆಸ್ಕಾ 1864ರಲ್ಲಿ ಹೇಳಿದ್ದು ಶಿಯರ್ ಮಾತು. ದೊಡ್ಡದರಿಂದ ಸಣ್ಣದನ್ನು ಕಳೆಯಬೇಕು: 144.2. ಫಾನ್ ಮೀಸೆಸ್ 1913ರಲ್ಲಿ ಕೊಟ್ಟ ಸೂತ್ರದಲ್ಲಿ 80ರ ವರ್ಗಕ್ಕೆ 60ರ ವರ್ಗದ ಮೂರು ಪಟ್ಟು ಕೂಡಿಸಿ ವರ್ಗಮೂಲ: 131.1.

ಎಂಎಸ್‌ನ ಯೀಲ್ಡ್ (ಮತ್ತೆ ಮೊದಲಿನ ಆಕಾರಕ್ಕೆ ಬಾರದ ಹಾಗೆ ಸೋಲತೊಡಗುವ ಮಿತಿ) 250 ಎಂದಿಟ್ಟುಕೊಂಡರೆ, ಅದನ್ನು ಈ ಮೂರರಿಂದ ಭಾಗಿಸಿದಾಗ ಬರುವ ಸೇಫ್ಟಿ ಫ್ಯಾಕ್ಟರ್ ಕ್ರಮವಾಗಿ 2.23, 1.73, 1.91. ಎಂಎಸ್ ಶಾಫ್ಟಿಗೆ ರ‍್ಯಾಂಕಿನ್ ಹಾಕಿ 2.23 ಎಂದು ನಂಬಿದರೆ ಇಲ್ಲದ ಬಲವನ್ನು ಇದೆ ಎಂದುಕೊಂಡಂತೆ. ನಾನಂತೂ ಮೀಸೆಸ್ ಹಾಕುತ್ತೇನೆ, ಪ್ರಯೋಗಕ್ಕೆ ಅದೇ ಹತ್ತಿರ. ಕೈಲೆಕ್ಕ ಬೇಗ ಮುಗಿಯಬೇಕಿದ್ದರೆ ಟ್ರೆಸ್ಕಾ ಸಾಕು. ಶಾಫ್ಟ್ ಸ್ವಲ್ಪ ದಪ್ಪ ಬಂದೀತು, ಅಪಾಯವಿಲ್ಲ.

ಬೀಡಿಗೆ, ಎಳೆತವೇ ಮುಖ್ಯವಾಗಿದ್ದರೆ, ರ‍್ಯಾಂಕಿನ್ ಸರಿ. ಯೀಲ್ಡ್ ಬದಲು ಮುರಿಯುವ ಬಲ ಹಾಕಿ. ಆದರೆ ಬೀಡು ಎಳೆತಕ್ಕಿಂತ ಒತ್ತುವುದನ್ನು ಎಷ್ಟೋ ಪಟ್ಟು ಜಾಸ್ತಿ ತಡೆಯುತ್ತದೆ. ಎಳೆತ, ಒತ್ತುವುದು ಎರಡೂ ಜೋರಾಗಿರುವ ಕಡೆ, ಎರಡಕ್ಕೂ ಬೇರೆ ಬೇರೆ ಮಿತಿ ಇಡುವ ಮೋರ್–ಕೂಲಂಬ್ ಸೂತ್ರ ಹಿಡಿಯಿರಿ.